ಬೂಸರು ಹಿಡಿದ ಕಾಳು ದನಕ್ಕ ಹಾಕಿದ್ರ ನಮ್ಮ ಚಹಾಕ್ಕೇ ಬರ್ತದ

ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆ ಈ ಮಾತು ಎಲ್ಲರೂ ಕೇಳಿರ್ತೀರಿ: "ಬೂಸರು ಹಿಡದದ, ಒಗೀಬ್ಯಾಡ, ದನಕ್ಕ ಹಾಕು." ಮಳೆಗೆ ಸಿಕ್ಕ ಜೋಳ, ಕಪ್ಪಾದ ಶೇಂಗಾ, ಮೂಲೆಯಲ್ಲಿ ಉಳಿದ ಹಿಂಡಿ ಎಲ್ಲದಕ್ಕೂ ಇದೇ ದಾರಿ. ನಾನು ನೇರವಾಗಿ ಹೇಳ್ತೀನಿ, ಇದು ಉಳಿತಾಯ ಅಲ್ಲ. ದನದ ಹೊಟ್ಟೆಯಿಂದ ಸುತ್ತಿಸಿ ವಿಷವನ್ನು ಮಕ್ಕಳ ಲೋಟಕ್ಕೆ ತರೋ ಕೆಲಸ.

ಕಣ್ಣಿಗೆ ಕಾಣೋ ಹಸಿರು ಪುಡಿ ಜಾಡಿಸಿದರೆ ಬೂಸರು ಹೋಗಬಹುದು, ಅದು ಬಿಟ್ಟ ವಿಷ ಹೋಗೋದಿಲ್ಲ. ಅಫ್ಲಾಟಾಕ್ಸಿನ್ ಅನ್ನೋ ಈ ವಿಷ ರೊಟ್ಟಿ ಸುಟ್ಟರೂ ಅಂಬಲಿ ಕುದಿಸಿದರೂ ಉಳೀತದ. ಇದು ಲಿವರ್‌ಗೆ ಪೆಟ್ಟು ಕೊಡ್ತದ, ವರ್ಷಗಟ್ಟಲೆ ಹೊಟ್ಟೆಗೆ ಹೋದರೆ ಲಿವರ್ ಕ್ಯಾನ್ಸರ್‌ಗೂ ಕಾರಣ ಆಗ್ತದ. ಎಮ್ಮೆ, ಆಕಳು ತಿಂದರೆ ಒಂದೇ ದಿನದೊಳಗೆ ಅದರ ಒಂದು ಪಾಲು ಎಂ1 ಅನ್ನೋ ರೂಪದಲ್ಲಿ ಹಾಲಿಗೆ ಇಳೀತದ. ಹಾಲು ಕಾಸಿದರೂ ಹೋಗೋದಿಲ್ಲ. ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ದೇಶದಾದ್ಯಂತ ಪರೀಕ್ಷಿಸಿದ 6,432 ಹಾಲಿನ ಮಾದರಿಗಳಲ್ಲಿ 368 ಈ ವಿಷದ ಮಿತಿ ಮೀರಿದ್ದವು. ಹಾಲಿಗೆ ಇದನ್ನು ಯಾರೂ ಬೆರೆಸಿದ್ದಲ್ಲ, ಮೇವು ಮತ್ತು ಹಿಂಡಿಯಿಂದ ಬಂದದ್ದು.

"ನಮ್ಮ ಅಜ್ಜ ತಿಂದಾನ, ಏನೂ ಆಗಿಲ್ಲ" ಅನ್ನೋರಿಗೆ ಮೂರು ವರ್ಷ ನೆನಪಿಸ್ತೀನಿ. 1966ರಲ್ಲಿ ಆಗಿನ ಮೈಸೂರು ರಾಜ್ಯದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಕೋಳಿಮರಿ ಸತ್ತವು, ಕಾರಣ ಬೂಸರು ಹಿಡಿದ ಶೇಂಗಾ ಹಿಂಡಿ. 1974ರಲ್ಲಿ ರಾಜಸ್ಥಾನ ಮತ್ತು ಗುಜರಾತಿನ ಹಳ್ಳಿಗಳಲ್ಲಿ ಕೆಟ್ಟ ಮೆಕ್ಕೆಜೋಳ ತಿಂದು ನೂರಕ್ಕೂ ಹೆಚ್ಚು ಜನ ಕಾಮಾಲೆಯಾಗಿ ತೀರಿಕೊಂಡರು. 1995ರಲ್ಲಂತೂ ನಮ್ಮದೇ ದಖನ್ ಸೀಮೆ. ಅಕಾಲಿಕ ಮಳೆಗೆ ನೆನೆದ ಜೋಳ, ಮೆಕ್ಕೆಜೋಳದ ರೊಟ್ಟಿ ತಿಂದವರಿಗೆ ಹೊಟ್ಟೆನೋವು, ಭೇದಿ. ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆಯವರು 50 ಹಳ್ಳಿ ತಿರುಗಿ ನೋಡಿದಾಗ 27 ಹಳ್ಳಿಗಳಲ್ಲಿ ಜನ ಬಿದ್ದಿದ್ದರು. ಅಲ್ಲಿ ಸಿಕ್ಕಿದ್ದು ಫ್ಯುಮೊನಿಸಿನ್ ಅನ್ನೋ ಇನ್ನೊಂದು ಬೂಸರು ವಿಷ.

ಸಾವಯವ ಮಾಡೋ ನಮ್ಮಂಥವರಿಗೂ ಒಂದು ಮಾತು. ರಾಸಾಯನಿಕ ಹಾಕಿಲ್ಲ ಅಂದ ಮಾತ್ರಕ್ಕೆ "ವಿಷಮುಕ್ತ" ಅಂತ ಬೋರ್ಡ್ ಹಾಕೋದು ಸರಿಯಲ್ಲ. ಅಫ್ಲಾಟಾಕ್ಸಿನ್ ಪೂರ್ತಿ ನೈಸರ್ಗಿಕ ವಿಷ, ಸರ್ಟಿಫಿಕೇಟ್ ನೋಡಿ ಬಿಟ್ಟುಹೋಗೋದಿಲ್ಲ. ನಮ್ಮ ಕಾಳು ಸರಿಯಾಗಿ ಒಣಗಿದ್ದರೆ ಮಾತ್ರ ಆ ಮಾತಿಗೆ ಬೆಲೆ.

ಹಾಗಂತ ತಪ್ಪೆಲ್ಲ ರೈತರದ್ದೇ ಅನ್ನೋದನ್ನೂ ನಾನು ಒಪ್ಪೋದಿಲ್ಲ. ಲೆಕ್ಕ ನೋಡ್ರಿ: ತೇವಾಂಶ 16 ಇರೋ ಒಂದು ಕ್ವಿಂಟಲ್ ಕಾಳನ್ನು 12ಕ್ಕೆ ಇಳಿಸಿದರೆ ನಾಲ್ಕೂವರೆ ಕಿಲೋ ತೂಕ ಹೋಗ್ತದ. ಒಣಗಿಸಿದವನಿಗೂ ಹಸಿ ತಂದವನಿಗೂ ಒಂದೇ ದರ ಅಂದರೆ ಯಾರು ಒಣಗಿಸ್ತಾರೆ? ದೇಶಕ್ಕೆಲ್ಲ ಫರಸಿ ಕಲ್ಲು ಕೊಟ್ಟ ಶಹಾಬಾದ್, ವಾಡಿ ನಮ್ಮವೇ ಊರು. ಆದರೂ ನಮ್ಮ ರಾಶಿ ಬೀಳೋದು ಮಣ್ಣಿನ ಮೇಲೆ, ಇಲ್ಲಾ ಡಾಂಬರು ರಸ್ತೆ ಮೇಲೆ. ಊರಿಗೊಂದು ಕಲ್ಲಿನ ಕಣ, ಎಪಿಎಂಸಿಯಲ್ಲಿ ಮತ್ತು ಪ್ರತಿ ರೈತ ಉತ್ಪಾದಕ ಕಂಪನಿಯಲ್ಲಿ ತೇವಾಂಶ ಮೀಟರ್, ಒಣ ಕಾಳಿಗೆ ಹೆಚ್ಚಿನ ದರ. ಈ ಮೂರನ್ನ ನಾವು ಗಟ್ಟಿಯಾಗಿ ಕೇಳಬೇಕು.

ಅವು ಬರೋ ತನಕ ನಮ್ಮ ಕೈಯಲ್ಲಿ ಇರೋದು:

1. ಗಾಜಿನ ಬಾಟಲಿಯಲ್ಲಿ ಒಣ ಉಪ್ಪು, ಮುಕ್ಕಾಲು ಹಿಡಿ ಕಾಳು ಹಾಕಿ ಕುಲುಕಿ ಹತ್ತು ನಿಮಿಷ ಬಿಡ್ರಿ. ಉಪ್ಪು ಗಾಜಿಗೆ ಅಂಟಿದರೆ ತೇವಾಂಶ 15ಕ್ಕಿಂತ ಹೆಚ್ಚು, ಚೀಲ ತುಂಬಬೇಡ್ರಿ. ಅಂಟಲಿಲ್ಲ ಅಂದರೂ ಜೋಳ, ಮೆಕ್ಕೆಜೋಳ 12ಕ್ಕೆ, ಶೇಂಗಾ ಕಾಯಿ 8ಕ್ಕೆ ಇಳಿಯೋವರೆಗೆ ಒಣಗಿಸಬೇಕು.

2. ಬಿಡಿಸೋದು ಸುಲಭ ಆಗಲಿ ಅಂತ ಶೇಂಗಾ ಕಾಯಿಗೆ ನೀರು ಚಿಮುಕಿಸಬೇಡ್ರಿ. ಬೂಸರು ಕರೆಯೋ ಕೆಲಸ ಅದು. ಒಡೆದ, ಹುಳ ತಿಂದ ಕಾಯಿ ಮೊದಲೇ ಬೇರೆ ಮಾಡ್ರಿ.

3. ಚೀಲ ನೇರವಾಗಿ ಫರಸಿ ಮೇಲೆ, ಗೋಡೆಗೆ ತಾಗಿಸಿ ಇಡಬೇಡ್ರಿ. ಕೆಳಗೆ ಹಲಗೆ ಇರಲಿ.

4. ಹಿಂಡಿ, ತೊಗರಿ ಚುನ್ನಿ ಮಳೆಗಾಲಕ್ಕೆ ರಾಶಿಗಟ್ಟಲೆ ತರಬೇಡ್ರಿ. ಎಣ್ಣೆ ತೆಗೆದಾಗ ವಿಷದ ಹೆಚ್ಚಿನ ಪಾಲು ಹಿಂಡಿಯಲ್ಲೇ ಉಳೀತದ. ಮುಗ್ಗಲು ವಾಸನೆ ಬಂದರೆ ವಾಪಸ್ ಕೊಡ್ರಿ.

5. ಕೆಟ್ಟದ್ದು ಹಾಕಿದ್ದೀರಿ ಅಂತ ಗೊತ್ತಾದರೆ ಕೂಡಲೇ ನಿಲ್ಲಿಸ್ರಿ. ನಿಲ್ಲಿಸಿದ ಮೂರು–ನಾಲ್ಕು ದಿನದಲ್ಲಿ ಹಾಲು ಬಹುತೇಕ ಸರಿ ಆಗ್ತದ. ಅಲ್ಲೀತನಕ ಆ ಹಾಲು ಡೇರಿಗೂ ಬೇಡ, ಮನೆಗೂ ಬೇಡ.

ಬೂಸರು ಹಿಡಿದ ಕಾಳನ್ನು ಗುಂಡಿ ತೋಡಿ ಮುಚ್ಚಿಬಿಡ್ರಿ. ಕೋಳಿಗೆ ಹಾಕೋದು, ಒಳ್ಳೆ ಕಾಳಿನಾಗ ಬೆರೆಸಿ ಮಾರೋದು ಎರಡೂ ಬೇಡ. ಒಂದು ಬುಟ್ಟಿ ಕಾಳು ಹೋದರೆ ಮುಂದಿನ ಹಂಗಾಮಿಗೆ ಮತ್ತೆ ಬೆಳೀಬಹುದು, ಮಕ್ಕಳ ಲಿವರ್ ಬೆಳೆಯೋಕೆ ಆಗೋದಿಲ್ಲ. ಮನೆಯಲ್ಲಿ ಹಿರಿಯರು "ದನಕ್ಕ ಹಾಕು" ಅಂದರೆ ಜಗಳ ಬೇಡ, ಈ ಲೇಖನ ಓದಿ ಹೇಳ್ರಿ.