ಲಟಿಕೆ ಮುರಿಸ್ಕೊಳ್ಳೋ ಮೊದಲು

ಲ್ಯಾಬ್ ಎಕ್ಸಾಮ್ ಅಂದ್ರೆ ರೆಕಾರ್ಡ್ ಬರೆದು, ಸಹಿ ಹಾಕಿಸಿ, ವೈವಾದಲ್ಲಿ ಏನು ಕೇಳ್ತಾರೆ ಅಂತ ಸೀನಿಯರ್‌ಗಳನ್ನು ವಿಚಾರಿಸಿಯೇ ಹೋಗುವವರು ನಾವು. ಅದೇ ಬೆನ್ನುನೋವಿಗೆ ಮೊದಲ ಸಲ ಚಿಕಿತ್ಸೆಗೆ ಹೊರಟಾಗ ಮಾತ್ರ ಕೈಬೀಸಿಕೊಂಡು ಹೋಗ್ತೀವಿ. ಎಲ್ಲಿ ನೋವು ಅಂದ್ರೆ "ಇಲ್ಲೇ ಎಲ್ಲೋ", ಎಷ್ಟು ದಿನದಿಂದ ಅಂದ್ರೆ "ತುಂಬಾ ದಿನ ಆಯ್ತು". ಲಾಗ್ ಕೊಡದೆ ಬಗ್ ಹುಡುಕಿ ಅಂದ ಹಾಗಾಯ್ತು ಇದು.

ಕತ್ತು ಲಟಕ್ ಅನ್ನಿಸೋ ರೀಲ್ಸ್ ನೋಡಿ ಆಸ್ಟಿಯೋಪತಿಗೆ ಹೋಗೋಣ ಅನ್ನುವವರು ನಮ್ಮಲ್ಲೂ ಇದ್ದಾರೆ. ಸ್ನಾಯು, ಕೀಲು, ಬೆನ್ನುಮೂಳೆಗಳನ್ನು ಕೈಯಿಂದಲೇ ಪರೀಕ್ಷಿಸಿ, ಒತ್ತಿ, ಎಳೆದು ಉಪಚರಿಸುವ ಈ ಪದ್ಧತಿಯನ್ನು 1874ರಲ್ಲಿ ಶುರುಮಾಡಿದವರು ಅಮೆರಿಕದ ಆಂಡ್ರ್ಯೂ ಟೇಲರ್ ಸ್ಟಿಲ್. ಅಲ್ಲಿ ಇದನ್ನು ಓದಿದ 'ಡಿಓ'ಗಳು ಔಷಧಿ ಬರೆಯುವ, ಆಪರೇಷನ್ ಮಾಡುವ ಪೂರ್ಣ ಪ್ರಮಾಣದ ವೈದ್ಯರು. ಬ್ರಿಟನ್ನಿನಲ್ಲಿ ಜನರಲ್ ಆಸ್ಟಿಯೋಪಥಿಕ್ ಕೌನ್ಸಿಲ್‌ನಲ್ಲಿ ನೋಂದಣಿ ಇಲ್ಲದವರು ತಮ್ಮನ್ನು ಆಸ್ಟಿಯೋಪಾತ್ ಅಂತ ಕರೆದುಕೊಂಡರೆ ಅಪರಾಧ. ಹೀಗೆ ಒಂದೇ ಹೆಸರಿಗೆ ದೇಶಕ್ಕೊಂದು ಅರ್ಥ. ಹಾಗಾಗಿ ಬೋರ್ಡ್ ನೋಡಿ ಒಳಗೆ ಹೋಗಬೇಡಿ. ಏನು ಓದಿದ್ದೀರಿ, ಎಲ್ಲಿ, ಎಷ್ಟು ವರ್ಷದ ಕೋರ್ಸು ಅಂತ ಕೇಳಿ. ಇದರಲ್ಲಿ ಅಗೌರವ ಏನೂ ಇಲ್ಲ.

ಮೊದಲ ಭೇಟಿಯಲ್ಲಿ ಕೈಗಿಂತ ಬಾಯಿಗೇ ಹೆಚ್ಚು ಕೆಲಸ ಇರಬೇಕು ಅನ್ನೋದು ನಮ್ಮ ಅಭಿಪ್ರಾಯ. ಹಿಂದಿನ ರಾತ್ರಿ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ: ನೋವು ಯಾವಾಗ ಶುರುವಾಯ್ತು, ಏನು ಮಾಡಿದ್ರೆ ಹೆಚ್ಚು, ಏನು ಮಾಡಿದ್ರೆ ಕಡಿಮೆ, ದಿನಕ್ಕೆ ಎಷ್ಟು ಗಂಟೆ ಕೂರ್ತೀರಿ, ಹಳೆಯ ಪೆಟ್ಟು, ಆಪರೇಷನ್, ತಗೊಳ್ತಿರೋ ಮಾತ್ರೆ. ಎಕ್ಸ್‌ರೇ, ಸ್ಕ್ಯಾನ್ ಇದ್ದರೆ ಜೊತೆಗಿರಲಿ. ಬಿಗಿ ಜೀನ್ಸ್ ಬಿಟ್ಟು ಸಡಿಲ ಬಟ್ಟೆ ಹಾಕಿಕೊಳ್ಳಿ. ಪಕ್ಕದಲ್ಲಿ ಸ್ನೇಹಿತರೋ ಮನೆಯವರೋ ಇರಲಿ ಅನ್ನಿಸಿದರೆ ಮೊದಲೇ ಹೇಳಿ. ಮುಟ್ಟುವ ಮುಂಚೆ ಏನು ಮಾಡ್ತಾರೆ, ಯಾಕೆ ಅಂತ ಅವರು ವಿವರಿಸಬೇಕು. ಇಷ್ಟವಾಗದಿದ್ದರೆ ಮಧ್ಯದಲ್ಲೇ "ಬೇಡ" ಅನ್ನಬಹುದು.

"ಎರಡು ನಿಮಿಷದ ಕೆಲಸಕ್ಕೆ ಇಷ್ಟೆಲ್ಲ ಯಾಕೆ ಗುರೂ?" ಅನ್ನಬಹುದು ನೀವು. ಆ ಲಟಕ್ ಸದ್ದು ಮೂಳೆ ಜಾಗಕ್ಕೆ ಕೂತ ಸದ್ದಲ್ಲ, ಕೀಲಿನ ದ್ರವದಲ್ಲಿರುವ ಅನಿಲದ್ದು. ಸದ್ದು ಬಂತು ಅಂದ ಮಾತ್ರಕ್ಕೆ ವಾಸಿಯಾಯ್ತು ಅಂತಲ್ಲ. ಕತ್ತನ್ನು ಜೋರಾಗಿ ತಿರುಚಿದರೆ ಮೆದುಳಿಗೆ ಹೋಗುವ ರಕ್ತನಾಳಕ್ಕೆ ಪೆಟ್ಟಾಗಿ ಸ್ಟ್ರೋಕ್ ಆದ ಉದಾಹರಣೆಗಳಿವೆ. ಅಪರೂಪ ನಿಜ, ಆದರೆ ಆದವರಿಗೆ ಅದು ಇಡೀ ಬದುಕಿನ ಪ್ರಶ್ನೆ.

ಇನ್ನು ಕೆಲವು ಲಕ್ಷಣಗಳಿದ್ದರೆ ಈ ಅಪಾಯಿಂಟ್‌ಮೆಂಟೇ ಬೇಡ. ತೊಡೆ ಸಂದಿಯಲ್ಲಿ ಜೋಮು, ಮೂತ್ರದ ಮೇಲೆ ಹಿಡಿತ ತಪ್ಪುವುದು, ಕಾಲು ಸೋಲುವುದು, ನೋವಿನ ಜೊತೆ ಜ್ವರ, ಬಿದ್ದ ಮೇಲೆ ಬಂದ ನೋವು: ಇವುಗಳಲ್ಲಿ ಯಾವುದಿದ್ದರೂ ನೇರ ಆಸ್ಪತ್ರೆಗೆ ಹೋಗಿ.

ಹೊರಡುವ ಮುನ್ನ ಇನ್ನೊಂದು ಕೇಳಿ: ಎಷ್ಟು ಸಲ ಬರಬೇಕು, ಅಷ್ಟರಲ್ಲಿ ಕಡಿಮೆ ಆಗದಿದ್ದರೆ ಮುಂದೇನು? ನೇರ ಉತ್ತರ ಕೊಡುವವರಾದರೆ ಇನ್ನೊಮ್ಮೆ ಹೋಗಿ. ಉತ್ತರದ ಬದಲು ಹತ್ತು ಸಿಟ್ಟಿಂಗ್‌ನ ಪ್ಯಾಕೇಜ್ ಮುಂದಿಟ್ಟರೆ, ನಮಸ್ಕಾರ ಹೇಳಿ ಎದ್ದು ಬನ್ನಿ.