14 ಬಿಟ್‌ನಲ್ಲಿ 16 ಬಿಟ್ ತೆಗೆದ ಜಾಣತನ

ಫೋನ್‌ಗಳಿಂದ ಹೆಡ್‌ಫೋನ್ ಜ್ಯಾಕ್ ಮಾಯವಾದ ಮೇಲೆ ಬಹಳ ಜನರ ಬ್ಯಾಗ್‌ಗೆ ಒಂದು ಪುಟ್ಟ ಡಾಂಗಲ್ ಸೇರಿಕೊಂಡಿದೆ. ಅದರೊಳಗೆ ಕೂತಿರೋದು ಡ್ಯಾಕ್, ಅಂದ್ರೆ ಡಿಜಿಟಲ್ ಅಂಕಿಗಳನ್ನು ವೋಲ್ಟೇಜ್ ಆಗಿ ಬದಲಿಸುವ ಸರ್ಕ್ಯೂಟ್. ಕೆಲವು ಡಬ್ಬಿಗಳ ಮೇಲೆ ‘32 ಬಿಟ್’ ಅಂತ ದಪ್ಪಕ್ಷರದಲ್ಲಿ ಬರೆದಿರುತ್ತೆ. ಅದಕ್ಕೋಸ್ಕರ ಹೆಚ್ಚು ದುಡ್ಡು ಕೊಡಬೇಕಾ? ಕೊಡೋ ಮುಂಚೆ ಒಂದು ಹಳೇ ಕಥೆ ಕೇಳಿ.

ಬಿಟ್ ಅಂದ್ರೆ ಮೆಟ್ಟಿಲುಗಳ ಲೆಕ್ಕ. 14 ಬಿಟ್‌ಗೆ 16,384 ಮೆಟ್ಟಿಲು, 16 ಬಿಟ್‌ಗೆ 65,536. ಮೆಟ್ಟಿಲು ಸಣ್ಣದಾದಷ್ಟೂ ಮೂಲ ದನಿಗೆ ಹತ್ತಿರ. ಆದರೆ ಒಳಗಿನ ಭಾಗಗಳೂ ಅಷ್ಟೇ ಕರಾರುವಾಕ್ಕಾಗಿ ಹೊಂದಬೇಕು. 16 ಬಿಟ್‌ಗೆ ಸುಮಾರು ಶೇ. 0.0015ರ ನಿಖರತೆ ಬೇಕು. ಮಾಮೂಲಿ ರೆಸಿಸ್ಟರ್‌ನಲ್ಲಿ ಶೇ. 1ರಷ್ಟು ವ್ಯತ್ಯಾಸ ಇರಬಹುದು!

1982ರಲ್ಲಿ ಸಿಡಿ ಪ್ಲೇಯರ್ ಬಂದಾಗ ಸಿಡಿಯಲ್ಲಿದ್ದ ಹಾಡು 16 ಬಿಟ್. ಸೋನಿ 16 ಬಿಟ್ ಡ್ಯಾಕನ್ನೇ ಹಾಕ್ತು. ಫಿಲಿಪ್ಸ್ ಹತ್ತಿರ ಇದ್ದದ್ದು ಟಿಡಿಎ1540 ಎಂಬ 14 ಬಿಟ್ ಚಿಪ್. ಅವರು ಅದನ್ನೇ ಇಟ್ಟುಕೊಂಡು ವೇಗ ಹೆಚ್ಚಿಸಿದರು. ಸೆಕೆಂಡಿಗೆ 44,100 ಸಲ ಬರೋ ಅಂಕಿಗಳನ್ನು ಡಿಜಿಟಲ್ ಫಿಲ್ಟರ್ ಮೂಲಕ 1,76,400 ಮಾಡಿದರು. ಪ್ರತಿ ಸಲ ಉಳಿದ ಬಾಕಿಯನ್ನು ಮುಂದಿನ ಅಂಕಿಗೆ ಸೇರಿಸಿದರು.

ಅಂಗಡಿ ಲೆಕ್ಕ ನೆನಪಿಸಿಕೊಳ್ಳಿ. ದಿನಕ್ಕೆ ಐದೂಕಾಲು ರೂಪಾಯಿ ಕೊಡಬೇಕು, ಚಿಲ್ಲರೆ ಇಲ್ಲ. ಮೂರು ದಿನ 5 ರೂಪಾಯಿ ಕೊಟ್ಟು ಬಾಕಿ ಬರೆಸ್ತೀರಿ, ನಾಲ್ಕನೇ ದಿನ 6 ಕೊಡ್ತೀರಿ. ಸರಾಸರಿ ಸರಿಯಾಗಿ 5.25. ಕೈಯಲ್ಲಿದ್ದದ್ದು ಬರೀ ರೂಪಾಯಿ, ಆದ್ರೂ ನಾಲ್ಕಾಣೆ ಲೆಕ್ಕ ಚುಕ್ತಾ! ಈ ಏರಿಳಿತದ ಸದ್ದು ಬಹುಪಾಲು ಕಿವಿಗೆ ಕೇಳದಷ್ಟು ಮೇಲಿನ ಆವರ್ತನಕ್ಕೆ ಹೋಗುತ್ತೆ, ಕೊನೆಯ ಫಿಲ್ಟರ್ ಅದನ್ನು ಸೋಸುತ್ತೆ. ಇದೇ ನಾಯ್ಸ್ ಶೇಪಿಂಗ್. ಇವತ್ತಿನ ಆಡಿಯೊ ಚಿಪ್‌ಗಳಲ್ಲಿ ಹೆಚ್ಚಿನವು ಇದೇ ದಾರಿಯವು.

ಒಂದು ಷರತ್ತಿದೆ. 5 ರೂಪಾಯಿ ನಾಣ್ಯವೇ ಖೋಟಾ ಆದ್ರೆ ಸರಾಸರಿಯೂ ತಪ್ಪುತ್ತೆ. ಅದಕ್ಕೇ ಆ ಚಿಪ್ಪಿನೊಳಗಿನ ಕರೆಂಟ್‌ಗಳನ್ನು ಸರದಿ ಮೇಲೆ ಅದಲುಬದಲು ಮಾಡಿ, ಅವುಗಳ ನಡುವಿನ ವ್ಯತ್ಯಾಸವನ್ನೂ ಸರಾಸರಿಯಲ್ಲಿ ಕರಗಿಸಿದ್ದರು.

ಈಗ 32 ಬಿಟ್‌ಗೆ ಬರೋಣ. 2 ವೋಲ್ಟ್‌ನ ಔಟ್‌ಪುಟ್‌ನಲ್ಲಿ 24 ಬಿಟ್‌ನ ಒಂದು ಮೆಟ್ಟಿಲೇ ಸುಮಾರು 0.12 ಮೈಕ್ರೋವೋಲ್ಟ್. ಒಂದು ಕಿಲೋಓಮ್ ರೆಸಿಸ್ಟರ್ ಸುಮ್ಮನೆ ಕೂತರೂ, ಕೋಣೆಯ ಶಾಖಕ್ಕೇ ಆಡಿಯೊ ವ್ಯಾಪ್ತಿಯಲ್ಲಿ ಅರ್ಧ ಮೈಕ್ರೋವೋಲ್ಟ್‌ಗಿಂತ ಹೆಚ್ಚು ಗದ್ದಲ ಮಾಡುತ್ತೆ. ಇನ್ನು 32 ಬಿಟ್‌ನ ಕೊನೆಯ ಮೆಟ್ಟಿಲು ಯಾರಿಗೆ ಕೇಳಿಸುತ್ತೆ?

ಹಾಗಾಗಿ ಕೊಳ್ಳುವಾಗ ಬಿಟ್ ಬಿಟ್ಟು ಡೆಸಿಬೆಲ್ ನೋಡಿ. ಒಂದು ಬಿಟ್‌ಗೆ ಸುಮಾರು 6 ಡೆಸಿಬೆಲ್. ಸಿಗ್ನಲ್-ನಾಯ್ಸ್ ಅನುಪಾತ 120 ಅಂತಿದ್ರೆ, ನಿಮ್ಮ ಕೈಗೆ ನಿಜವಾಗಿ ಸಿಗೋದು ಸುಮಾರು 20 ಬಿಟ್. ಹಾಡು ಕೇಳೋಕೆ ಅದು ಧಾರಾಳ ಸಾಕು.