ಗೃಹಕೃತ್ಯ: ಪರವೂರಿನಲ್ಲಿ ಮನೆ ಕೊಳ್ಳುವ ಮಾತು

ಈ ತಿಂಗಳು ಧಾರವಾಡದ ಸೋದರಿಯೊಬ್ಬರಿಂದ ನಮಗೆ ದೀರ್ಘವಾದ ಕಾಗದವೊಂದು ಬಂದಿದೆ. ಅವರ ಯಜಮಾನರಿಗೆ ಬೆಂಗಳೂರಿನಲ್ಲಿ ಉದ್ಯೋಗವಾಗಿದೆ. ಮಕ್ಕಳಿಬ್ಬರು ಶಾಲೆಗೆ ಹೋಗುವವರು. ಮನೆಯಲ್ಲಿ ವಯಸ್ಸಾದ ಅತ್ತೆಯವರಿದ್ದಾರೆ. ದಿವಂಗತ ಮಾವನವರು ತಮ್ಮ ಸ್ವಂತ ದುಡಿಮೆಯಿಂದ ಕಟ್ಟಿಸಿದ ಧಾರವಾಡದ ಮನೆಯನ್ನು ಮಾರಿ, ಬೆಂಗಳೂರಿನ ಹೊರವಲಯದಲ್ಲಿ ಇನ್ನೂ ಕಟ್ಟುತ್ತಿರುವ ಅಪಾರ್ಟ್‌ಮೆಂಟಿನಲ್ಲಿ ಎಂಬತ್ತು ಲಕ್ಷ ರೂಪಾಯಿಗೆ ಫ್ಲ್ಯಾಟೊಂದನ್ನು ಕೊಳ್ಳಬೇಕೆಂದು ಯೋಚಿಸಿದ್ದಾರೆ. ಬರುವ ಭಾನುವಾರದೊಳಗೆ ಹತ್ತು ಲಕ್ಷ ಮುಂಗಡ ಕೊಡದಿದ್ದರೆ ಮನೆಯು ಬೇರೆಯವರ ಪಾಲಾಗುವುದೆಂದು ದಲ್ಲಾಳಿಯು ಅವಸರಪಡಿಸುತ್ತಿದ್ದಾನಂತೆ. "ಕೊಡಬಹುದೇ?" ಎಂಬುದು ಅವರ ಪ್ರಶ್ನೆ.

ಮಾಸಪತ್ರಿಕೆಯ ಉತ್ತರವು ಭಾನುವಾರಕ್ಕೆ ಮುಟ್ಟತಕ್ಕದ್ದಲ್ಲ. ಆದಕಾರಣ "ಸದ್ಯಕ್ಕೆ ಒಂದು ಕಾಸನ್ನೂ ಕೊಡಬೇಡಿರಿ" ಎಂದು ಅಂದೇ ಪ್ರತ್ಯೇಕವಾಗಿ ತಿಳಿಸಿದೆವು. ಹಾಗೆ ಹೇಳಿದುದಕ್ಕೆ ಕಾರಣಗಳನ್ನು ಇಲ್ಲಿ ಬರೆಯುತ್ತೇವೆ. ಊರು ಬಿಟ್ಟು ಊರಿಗೆ ಹೋಗುವ ಇತರ ಗೃಹಸ್ಥರಿಗೂ ಇವು ಉಪಯೋಗಕ್ಕೆ ಬಂದಾವು.

ಮೊದಲು ಆ ಹತ್ತು ಲಕ್ಷದ ಮಾತು. ಸ್ಥಿರಾಸ್ತಿಯ ನಿಯಂತ್ರಣಕ್ಕಾಗಿ ೨೦೧೬ರಲ್ಲಿ ಆದ ರೇರಾ ಕಾನೂನಿನಂತೆ, ಕಟ್ಟುವವನು ಕರಾರುಪತ್ರವನ್ನು ನೋಂದಣಿ ಮಾಡಿಸಿಕೊಡುವುದಕ್ಕೆ ಮುಂಚೆ ಕ್ರಯದ ನೂರಕ್ಕೆ ಹತ್ತು ಪಾಲಿಗಿಂತ ಹೆಚ್ಚು ಹಣವನ್ನು ತೆಗೆದುಕೊಳ್ಳಕೂಡದು. ಎಂಬತ್ತು ಲಕ್ಷಕ್ಕೆ ಹತ್ತರಲ್ಲೊಂದು ಪಾಲೆಂದರೆ ಎಂಟು ಲಕ್ಷ. ಹತ್ತು ಲಕ್ಷ ಕೇಳಿದವನು ಮೊದಲ ಮೆಟ್ಟಿಲಲ್ಲಿಯೇ ಕಾನೂನನ್ನು ಮೀರಿದ್ದಾನೆ. ಕಾಗದದೊಂದಿಗೆ ಬಂದ ವಿವರಪತ್ರದಲ್ಲಿ "ಹನ್ನೆರಡು ಚದರದ ಮನೆ" ಎಂದಿದೆಯೇ ಹೊರತು ಗೋಡೆಗಳೊಳಗಿನ ನೆಲ ಎಷ್ಟೆಂಬುದಿಲ್ಲ. ಮೆಟ್ಟಿಲು, ಲಿಫ್ಟು, ಪಡಸಾಲೆಗಳ ಪಾಲನ್ನೆಲ್ಲ ಸೇರಿಸಿ ಚದರವನ್ನು ಹಿಗ್ಗಿಸುವುದು ಹಳೆಯ ಪದ್ಧತಿ. ನಾವು ಕಾಲಿಟ್ಟು ನಡೆಯುವ ನೆಲದ ಅಳತೆ, ಅಂದರೆ ಕಾರ್ಪೆಟ್ ಏರಿಯಾ, ಎಷ್ಟೆಂದು ಬರವಣಿಗೆಯಲ್ಲಿ ಕೇಳುವ ಹಕ್ಕು ಕೊಳ್ಳುವವರಿಗೆ ಇದೆ. ಯೋಜನೆಯ ನೋಂದಣಿ ಸಂಖ್ಯೆ, ಮಂಜೂರಾದ ನಕ್ಷೆ, ಮುಗಿಸಿಕೊಡುವೆವೆಂದು ಮಾತು ಕೊಟ್ಟ ದಿನ, ಇವೆಲ್ಲವೂ ಕರ್ನಾಟಕ ರೇರಾ ಪ್ರಾಧಿಕಾರದ ಜಾಲತಾಣದಲ್ಲಿ ಕಾಣಸಿಗುತ್ತವೆ. ದಲ್ಲಾಳಿಯ ಬಾಯಿಮಾತಿಗೆ ಮುಂಚೆ ಅದನ್ನು ನೋಡತಕ್ಕದ್ದು.

ಇನ್ನು ಎಂಬತ್ತು ಲಕ್ಷವೆಂಬುದು ನಿಜವಾಗಿ ಎಂಬತ್ತು ಲಕ್ಷವಲ್ಲ. ಕಟ್ಟುತ್ತಿರುವ ಮನೆಗೆ ಜಿ.ಎಸ್.ಟಿ. ನೂರಕ್ಕೆ ಐದು, ಎಂದರೆ ನಾಲ್ಕು ಲಕ್ಷ. ಮುದ್ರಾಂಕ ಶುಲ್ಕ ನೂರಕ್ಕೆ ಐದು, ಇನ್ನೊಂದು ನಾಲ್ಕು ಲಕ್ಷ; ಆ ಶುಲ್ಕದ ಮೇಲೆ ಉಪಕರ ಅಧಿಕಕರಗಳು ಸೇರಿ ನಲವತ್ತೆಂಟು ಸಾವಿರ. ನೋಂದಣಿ ಶುಲ್ಕವು ೨೦೨೫ರ ಆಗಸ್ಟ್ ೩೧ರಿಂದ ನೂರಕ್ಕೆ ಒಂದರಿಂದ ಎರಡಕ್ಕೆ ಏರಿದೆ. ಅದು ಒಂದು ಲಕ್ಷ ಅರವತ್ತು ಸಾವಿರ. ಒಟ್ಟಿನಲ್ಲಿ ಹತ್ತು ಲಕ್ಷಕ್ಕೆ ಮೇಲ್ಪಟ್ಟು ಬೇರೆಯೇ ಹೊಂದಿಸಬೇಕು. ಬ್ಯಾಂಕಿನ ಸಾಲವು ಸಾಮಾನ್ಯವಾಗಿ ಕ್ರಯಕ್ಕೇ ಹೊರತು ಈ ವೆಚ್ಚಗಳಿಗಲ್ಲ. ಐವತ್ತು ಲಕ್ಷ ಅಥವಾ ಅದಕ್ಕೆ ಮೇಲ್ಪಟ್ಟ ವ್ಯವಹಾರದಲ್ಲಿ ಮಾರುವವನಿಗೆ ಕೊಡುವ ಹಣದಿಂದ ನೂರಕ್ಕೆ ಒಂದನ್ನು ಮುರಿದುಕೊಂಡು ಆದಾಯ ತೆರಿಗೆಗೆ ಕಟ್ಟುವ ಹೊಣೆಯೂ ಕೊಳ್ಳುವವರದೇ. ಇದು ಹೆಚ್ಚಿನ ಖರ್ಚಲ್ಲ. ಆದರೆ ಮರೆತರೆ ದಂಡ ಬೀಳುವುದು ನಮ್ಮ ಮೇಲೆ.

ಕಾಗದಪತ್ರಗಳ ವಿಚಾರವನ್ನು ವಕೀಲರಿಗೆ ಒಪ್ಪಿಸಿರಿ. ದಲ್ಲಾಳಿಯು ತೋರಿಸಿದ ವಕೀಲರಿಗಲ್ಲ, ನೀವೇ ಹುಡುಕಿಕೊಂಡವರಿಗೆ. ಆದರೂ ಗೃಹಿಣಿಯರಿಗೆ ತಿಳಿದಿರಬೇಕಾದ ಒಂದೆರಡು ಮಾತುಗಳುಂಟು. ಖಾತೆಯು ತೆರಿಗೆಯ ಲೆಕ್ಕ. ಅದು ಒಡೆತನದ ಪತ್ರವಲ್ಲ. ಒಡೆತನವು ನೋಂದಣಿಯಾದ ಕ್ರಯಪತ್ರದಿಂದ, ಅದರ ಹಿಂದಿನ ಮೂಲಪತ್ರಗಳ ಸರಪಳಿಯಿಂದ ಬರತಕ್ಕದ್ದು. ಋಣಭಾರ ಪತ್ರದಲ್ಲಿ ಹಳೆಯ ಅಡಮಾನವೇನಾದರೂ ಇದ್ದರೆ ಕಾಣುವುದು. ಬೆಂಗಳೂರಿನ ಅಂಚಿನ ನೆಲವೆಲ್ಲ ನಿನ್ನೆ ಮೊನ್ನೆಯವರೆಗೆ ಹೊಲಗದ್ದೆಗಳಾಗಿದ್ದವು. ೨೦೦೭ರಲ್ಲಿ ಏಳು ನಗರಸಭೆಗಳನ್ನೂ ಒಂದು ಪುರಸಭೆಯನ್ನೂ ೧೧೦ ಹಳ್ಳಿಗಳನ್ನೂ ಒಟ್ಟಿಗೆ ನಗರಕ್ಕೆ ಸೇರಿಸಿದರು. ಆದುದರಿಂದ ಭೂಮಿಯು ವಾಸದ ಉಪಯೋಗಕ್ಕೆ ಪರಿವರ್ತನೆಯಾಗಿದೆಯೇ, ಪರಿಶಿಷ್ಟ ಜಾತಿ ಪಂಗಡದವರಿಗೆ ಸರಕಾರವು ಕೊಟ್ಟಿದ್ದ ನೆಲವೇನಾದರೂ ಅನುಮತಿಯಿಲ್ಲದೆ ಕೈಬದಲಾಗಿದೆಯೇ ಎಂಬುದನ್ನು ಕೇಳಲೇಬೇಕು. ಅಂಥ ಮಾರಾಟವು ೧೯೭೮ರ ಕಾನೂನಿನಂತೆ ಊರ್ಜಿತವಾಗದು. ಕಟ್ಟಡ ಮುಗಿದ ಬಳಿಕ ಸ್ವಾಧೀನಾನುಭವ ಪತ್ರ, ಜನ ಓ.ಸಿ. ಎನ್ನುವುದು, ಬಾರದೆ ಗೃಹಪ್ರವೇಶದ ಮುಹೂರ್ತವಿಡಬೇಡಿರಿ. ಆ ಪತ್ರವಿಲ್ಲದ ಕಟ್ಟಡಗಳಿಗೆ ನೀರು ವಿದ್ಯುತ್ತುಗಳ ಸಂಪರ್ಕ ಕೊಡಕೂಡದೆಂದು ಸರ್ವೋಚ್ಚ ನ್ಯಾಯಾಲಯವು ೨೦೨೪ರ ಡಿಸೆಂಬರಿನಲ್ಲಿ ಆಜ್ಞೆ ಮಾಡಿದೆ.

ಆದರೆ ಯಾವ ವಕೀಲರೂ ಓದಿ ಹೇಳಲಾರದ ಸಂಗತಿ ನೀರು. ನಮ್ಮದೇ ಅನುಭವವನ್ನು ಹೇಳುವೆವು. ನಾವು ಬೆಂಗಳೂರಿಗೆ ಬಂದ ಹೊಸತರಲ್ಲಿ ನವೆಂಬರ್ ತಿಂಗಳಲ್ಲಿ ಮನೆ ನೋಡಿದೆವು. ನಲ್ಲಿ ತಿರುಗಿಸಿದರೆ ಧಾರೆಯಾಗಿ ನೀರು. "ಕೊಳವೆಬಾವಿಯುಂಟು, ಚಿಂತೆಯಿಲ್ಲ" ಎಂದು ಮಾರಿದವರು ಹೇಳಿದರು. ಸಂಕ್ರಾಂತಿ ಕಳೆದು ಶಿವರಾತ್ರಿ ಬರುವ ಹೊತ್ತಿಗೆ ಬಾವಿಯು ಕೆಸರು ಕಾರತೊಡಗಿತು. ಆ ಬೇಸಿಗೆಯೆಲ್ಲ ನಮ್ಮ ಮನೆಯವರು ಕಚೇರಿಗೆ ಹೋಗುವುದಕ್ಕಿಂತ ಹೆಚ್ಚು ಶ್ರದ್ಧೆಯಿಂದ ಟ್ಯಾಂಕರಿನ ದಾರಿ ಕಾದರು. ಮಾರಿದವರು ಸುಳ್ಳನ್ನೇನೂ ಹೇಳಿರಲಿಲ್ಲ, ಬಾವಿಯಿದ್ದುದು ನಿಜವೇ. ಕೇಳಬೇಕಾದ ಪ್ರಶ್ನೆಯನ್ನು ನಾವು ಕೇಳಿರಲಿಲ್ಲ. ೨೦೨೪ರ ಬೇಸಿಗೆಯಲ್ಲಿ ಈ ಕಷ್ಟವನ್ನು ಅರ್ಧ ಊರೇ ಉಂಡಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಕಾವೇರಿ ಐದನೆಯ ಹಂತವು ಆರಂಭವಾಗಿ, ಆ ೧೧೦ ಹಳ್ಳಿಗಳ ಕಡೆಗೆ ನೀರು ಹರಿದಿದೆ. ಆದರೂ ನೀವು ಕೊಳ್ಳುವ ಬೀದಿಗೆ ಕೊಳವೆ ಬಂದಿದೆಯೇ ಎಂಬುದನ್ನು ಅಕ್ಕಪಕ್ಕದ ಮನೆಯ ಹೆಂಗಸರನ್ನೇ ಕೇಳಬೇಕು. ಅವರಿಗಿಂತ ಬಲ್ಲವರಿಲ್ಲ.

ಬೇಸಿಗೆಯ ಮಾತು ಇಷ್ಟಾದರೆ ಮಳೆಗಾಲದ್ದು ಇನ್ನೊಂದು. ೨೦೨೨ರ ಸೆಪ್ಟೆಂಬರಿನಲ್ಲಿ ನಗರದ ಪೂರ್ವಭಾಗದ ಸಿರಿವಂತರ ಬಡಾವಣೆಗಳಲ್ಲಿಯೂ ಜನರನ್ನು ದೋಣಿಗಳಲ್ಲಿಯೂ ಟ್ರ್ಯಾಕ್ಟರುಗಳಲ್ಲಿಯೂ ಸಾಗಿಸಬೇಕಾಯಿತು. ಕೆರೆಯಿದ್ದ ಕಡೆಗೆ ನೀರು ತನ್ನ ಹಳೆಯ ದಾರಿಯನ್ನು ಹುಡುಕಿಕೊಂಡು ಬಂದೇ ಬರುವುದು. ಒಂದು ಬಡಾವಣೆಯ ಗುಣವನ್ನು ತಿಳಿಯಬೇಕಾದರೆ ಅದನ್ನು ಏಪ್ರಿಲಿನಲ್ಲಿಯೂ ನೋಡಬೇಕು, ಸೆಪ್ಟೆಂಬರಿನಲ್ಲಿಯೂ ನೋಡಬೇಕು. ಒಂದು ಭಾನುವಾರದಲ್ಲಿ ಅದು ತಿಳಿಯುವುದೆಂತು? ಆದಕಾರಣ ನಮ್ಮ ಸಲಹೆ ಇಷ್ಟೆ: ಮೊದಲ ವರ್ಷ ಬಾಡಿಗೆ ಮನೆ. ಬಾಡಿಗೆಯ ಹಣ ನೀರಿನಲ್ಲಿ ಹೋಮವೆಂದು ಹಿರಿಯರು ಹೇಳುವುದುಂಟು, ಇಲ್ಲಿ ಹಾಗಲ್ಲ. ಯಜಮಾನರ ಕಚೇರಿಗೆ ಬೆಳಗ್ಗೆ ಎಂಟೂವರೆಗೆ ಹೊರಟರೆ ಎಷ್ಟು ಹೊತ್ತು, ಮಕ್ಕಳಿಗೆ ಯಾವ ಶಾಲೆ ಒಗ್ಗೀತು, ಅತ್ತೆಯವರು ನಡೆದು ಹೋಗಬಹುದಾದ ದೇವಸ್ಥಾನವೋ ಉದ್ಯಾನವೋ ಇದೆಯೇ, ಇವನ್ನೆಲ್ಲ ಕಲಿಯಲು ಕೊಡುವ ಶುಲ್ಕವದು.

ಸೋದರಿಯವರ ಕಾಗದವನ್ನು ಎರಡನೆಯ ಸಾರಿ ಓದಿದಾಗ ನಮಗೆ ಹೆಚ್ಚು ಕಳವಳವಾದುದು ಬೆಂಗಳೂರಿನ ಮನೆಯ ವಿಷಯದಲ್ಲಲ್ಲ, ಧಾರವಾಡದ ಮನೆಯ ವಿಷಯದಲ್ಲಿ. "ನಮ್ಮ ಮನೆಯನ್ನು ಮಾರಿ" ಎಂದು ನಾಲ್ಕು ಕಡೆ ಬರೆದಿದ್ದಾರೆ. ಮಾವನವರು ಮರಣಶಾಸನ ಬರೆದಿರಲಿಲ್ಲವೆಂದೂ, ಬೇಸಿಗೆಗೆ ನಾದಿನಿಯರಿಬ್ಬರು ಮಕ್ಕಳೊಡನೆ ಬಂದಿರುವುದುಂಟೆಂದೂ ಅದೇ ಕಾಗದದಲ್ಲಿದೆ. ಹಾಗಾದರೆ ೧೯೫೬ರ ಹಿಂದೂ ಉತ್ತರಾಧಿಕಾರ ಕಾನೂನಿನಂತೆ ಆ ಮನೆಯು ಅತ್ತೆಯವರಿಗೂ ಮಗನಿಗೂ ಇಬ್ಬರು ಹೆಣ್ಣುಮಕ್ಕಳಿಗೂ ಸಮಪಾಲು. ಬೇರೆ ವಾರಸುದಾರರಿಲ್ಲದಿದ್ದರೆ ಯಜಮಾನರದು ನಾಲ್ಕರಲ್ಲೊಂದು. ಉಳಿದ ಮೂವರ ಸಹಿಯಿಲ್ಲದೆ ಮನೆಯನ್ನು ಪೂರ್ತಿಯಾಗಿ ಮಾರಲಿಕ್ಕಾಗದು. ಮಾರಿದರೂ ಮೂರು ಪಾಲು ಹಣ ಅವರದು. ನಾದಿನಿಯರು ಪ್ರೀತಿಯಿಂದ ಹಕ್ಕು ಬಿಡುಗಡೆ ಪತ್ರ ಬರೆದುಕೊಡಬಹುದು. ಅದು ಅವರ ಇಷ್ಟ, ಕೇಳಿ ಪಡೆಯತಕ್ಕ ಕಪ್ಪವಲ್ಲ. ಅತ್ತೆಯವರನ್ನು ಕೇಳಿದಿರಾ ಎಂಬುದು ನಮ್ಮ ಪ್ರಶ್ನೆ. ಕಾಗದದಲ್ಲಿ ಅವರ ಮಂಡಿನೋವಿನ ಸಂಗತಿಯಿದೆ, ಔಷಧದ ಸಂಗತಿಯಿದೆ; ಅವರ ಅಭಿಪ್ರಾಯವೇನೆಂಬುದು ಮಾತ್ರ ಎಲ್ಲಿಯೂ ಇಲ್ಲ. ಗಂಡನೊಡನೆ ಇಟ್ಟಿಗೆ ಎಣಿಸಿ ಕಟ್ಟಿಸಿದ ಮನೆಯನ್ನು ಬಿಟ್ಟು, ನೆರೆಯವರ ಮುಖ ತಿಳಿಯದ ಏಳನೆಯ ಅಂತಸ್ತಿಗೆ ಹೋಗತಕ್ಕವರು ಅವರು.

ತೆರಿಗೆಯ ಭಯದಿಂದ ಅವಸರಪಡುವ ಕಾರಣವೂ ಇಲ್ಲ. ಹಳೆಯ ಮನೆಯ ಮಾರಾಟದ ಲಾಭವನ್ನು ಮಾರಿದ ಎರಡು ವರ್ಷದೊಳಗೆ ಇನ್ನೊಂದು ಮನೆಯನ್ನು ಕೊಳ್ಳುವುದಕ್ಕೆ ತೊಡಗಿಸಿದರೆ ಅಷ್ಟರಮಟ್ಟಿಗೆ ವಿನಾಯಿತಿಯುಂಟು. ಕಟ್ಟಿಸುವುದಾದರೆ ಮೂರು ವರ್ಷ. ಅಲ್ಲಿಯವರೆಗೆ ಹಣವನ್ನು ಬ್ಯಾಂಕಿನಲ್ಲಿ ಅದಕ್ಕೆಂದೇ ಇರುವ ಖಾತೆಯಲ್ಲಿಡಬೇಕು.

ಈ ಬರಹವು ಅಚ್ಚಿಗೆ ಹೋಗುವ ಮುನ್ನ ಸೋದರಿಯವರ ಮರುಪತ್ರ ಬಂದಿತು. ಭಾನುವಾರ ಕಳೆಯಿತಂತೆ, ಫ್ಲ್ಯಾಟು ಹಾಗೆಯೇ ಇದೆ, ಮುಂಗಡ ಮಾತ್ರ ಹತ್ತು ಲಕ್ಷದಿಂದ ಐದಕ್ಕೆ ಇಳಿದಿದೆ. ಯಜಮಾನರು ಬೆಂಗಳೂರಿನಲ್ಲಿ ಸದ್ಯಕ್ಕೆ ಒಂದು ಕೋಣೆ ಹಿಡಿದು, ಶನಿವಾರದ ರೈಲಿಗೆ ಊರಿಗೆ ಬರುತ್ತಿದ್ದಾರೆ. ಅತ್ತೆಯವರನ್ನು ಕೇಳಿದುದಕ್ಕೆ ಅವರು, ಹೆಣ್ಣುಮಕ್ಕಳಿಬ್ಬರೂ ಮೇ ತಿಂಗಳಲ್ಲಿ ಬರಲಿ, ಹಿತ್ತಲ ಮಾವಿನಕಾಯಿಯ ಉಪ್ಪಿನಕಾಯಿ ಹಾಕಿ ಮುಗಿಸಿದ ಮೇಲೆ ಕೂತು ಮಾತಾಡೋಣ ಎಂದರಂತೆ.